ಹತ್ತು ಕೈ ಓಡಾಡುವ ಸಿಎನ್‌ಸಿ ರೂಟರ್: ಕಟ್ಟುವುದು, ನಡೆಸುವುದು

ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ಶೆಡ್ ಹಿಡಿದು ನಾಲ್ಕೈದು ಬಡಗಿಗಳು ಸೇರಿ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಮರ ಕೆತ್ತುವ ಯಂತ್ರ, ಇಡುವುದಾದರೆ 4×4 ಅಡಿ ಮೇಜಿನಿಂದ ಶುರು ಮಾಡಿ. ದೇವರ ಮನೆಯ ಜಾಲಿ, ಬಾಗಿಲಿನ ಪ್ಯಾನೆಲ್, ನಾಮಫಲಕ ಎಲ್ಲವೂ ಅದರಲ್ಲಿ ಆಗುತ್ತವೆ. ಇಡೀ ಬಾಗಿಲನ್ನೇ ಕೆತ್ತಬೇಕೆಂದರೆ ಮಾತ್ರ 4×8 ಬೇಕು.

ಚೌಕಟ್ಟಿಗೆ 80×40 ಮಿ.ಮೀ. ಕಬ್ಬಿಣದ ಟ್ಯೂಬ್, 3 ಮಿ.ಮೀ. ದಪ್ಪದ್ದು. ವೆಲ್ಡಿಂಗ್ ಬಿಸಿಗೆ ಟ್ಯೂಬ್ ಸೊಟ್ಟಗಾಗಿಯೇ ಆಗುತ್ತದೆ. ಆದ್ದರಿಂದ ಪೂರ್ತಿ ಆರಿದ ಮೇಲೆ ಶಿಮ್ (ತೆಳ್ಳನೆಯ ತಗಡಿನ ತುಂಡು) ಕೊಟ್ಟು ಮಟ್ಟ ಮಾಡಿ, ಆಮೇಲೆ ಯಂತ್ರದ ಭಾಗಗಳು ಜಾರುವ 20 ಮಿ.ಮೀ. ಲೀನಿಯರ್ ರೈಲು ಬಿಗಿಯಿರಿ. ಉದ್ದದ ಅಕ್ಷಗಳಿಗೆ 20 ಮಿ.ಮೀ. ದಪ್ಪ, 10 ಮಿ.ಮೀ. ಪಿಚ್‌ನ (ಒಂದು ಸುತ್ತಿಗೆ 10 ಮಿ.ಮೀ. ಸರಿಸುವ) ಬಾಲ್‌ಸ್ಕ್ರೂ ಹಾಕಿ. ಅಷ್ಟು ಉದ್ದಕ್ಕೆ ತೆಳ್ಳನೆಯದು ಜೋರಾಗಿ ತಿರುಗಿದರೆ ಹಗ್ಗದ ಹಾಗೆ ಬಡಿದಾಡುತ್ತದೆ. ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರಿಗೆ ಸುತ್ತಿಗೆ 200 ಸ್ಟೆಪ್, ಡ್ರೈವರ್‌ನಲ್ಲಿ 8 ಮೈಕ್ರೋಸ್ಟೆಪ್ ಇಟ್ಟರೆ (ಒಂದು ಹೆಜ್ಜೆಯನ್ನು ಎಂಟು ಭಾಗ ಮಾಡಿದರೆ) 1600. ಅದನ್ನು 10ರಿಂದ ಭಾಗಿಸಿ, ಮಿ.ಮೀ.ಗೆ 160 ಸ್ಟೆಪ್. ಮೇಲೆ ಕೆಳಗೆ ಓಡುವ ಝಡ್ ಅಕ್ಷದ 5 ಮಿ.ಮೀ. ಪಿಚ್‌ಗೆ 320.

ಜೋಡಿಸಿದ ಮೇಲೆ 1000 ಮಿ.ಮೀ. ಚೌಕದ ನಾಲ್ಕು ಮೂಲೆಗೆ ತೂತು ಹೊಡೆದು ಎರಡೂ ಕರ್ಣ ಅಳೆಯಿರಿ. ಎರಡೂ 1414 ಬರಬೇಕು. ಒಂದು ಹೆಚ್ಚು, ಇನ್ನೊಂದು ಕಡಿಮೆ ಬಂದರೆ ಗ್ಯಾಂಟ್ರಿ (ಮೇಜಿನ ಮೇಲೆ ಓಡುವ ಅಡ್ಡತೊಲೆ) ಓರೆಯಾಗಿದೆ ಎಂದರ್ಥ.

ಕೊಯ್ಯುವ ಬಿಟ್ ತಿರುಗಿಸುವ ಮೋಟಾರು, ಅಂದರೆ ಸ್ಪಿಂಡಲ್ ವಿಷಯದಲ್ಲಿ ಆತುರ ಬೇಡವೇ ಬೇಡ. 24,000 ಆರ್‌ಪಿಎಂ ಸ್ಪಿಂಡಲ್‌ಗೆ 400 ಹರ್ಟ್ಸ್ ಬೇಕು. ಸ್ಪಿಂಡಲ್ ವೇಗ ನಿಯಂತ್ರಿಸುವ ವಿಎಫ್‌ಡಿ ಪೆಟ್ಟಿಗೆಯಲ್ಲಿ ಬೇಸ್ ಫ್ರೀಕ್ವೆನ್ಸಿಯನ್ನು (ಪೂರ್ತಿ ವೋಲ್ಟೇಜ್ ಕೊಡುವ ಹರ್ಟ್ಸ್) 50ರಲ್ಲೇ ಬಿಟ್ಟು ಆನ್ ಮಾಡಿದರೆ ಕಡಿಮೆ ವೇಗಕ್ಕೇ ಪೂರ್ತಿ ವೋಲ್ಟೇಜ್ ನುಗ್ಗಿ ವೈಂಡಿಂಗ್ ಸುಟ್ಟುಹೋಗುತ್ತದೆ. ಸ್ಪಿಂಡಲ್ ಕೇಬಲ್ ಶೀಲ್ಡ್ ಇರುವುದೇ ಆಗಲಿ, ಅರ್ಥಿಂಗ್ ಗಟ್ಟಿಯಾಗಿರಲಿ. ಇಲ್ಲದಿದ್ದರೆ ಅಕ್ಷದ ಕೊನೆಯಲ್ಲಿ ಯಂತ್ರ ನಿಲ್ಲಿಸುವ ಲಿಮಿಟ್ ಸ್ವಿಚ್ ಯಾರೂ ಮುಟ್ಟದೆಯೇ ಒತ್ತಿದಂತಾಗಿ ಕೆಲಸ ನಡುವೆ ನಿಲ್ಲುತ್ತದೆ.

ಬಿಟ್ ಹಾಕುವಾಗ ಬಹಳ ಜನ ತಪ್ಪುವುದು ಬಿಟ್ ಹಿಡಿಯುವ ಸೀಳು ಬಳೆ, ಅಂದರೆ ಕಾಲೆಟ್‌ನಲ್ಲಿ. ಮೊದಲು ಕಾಲೆಟ್ಟನ್ನು ನಟ್ಟಿನೊಳಗೆ ಓರೆಯಾಗಿ ಇಟ್ಟು ಒತ್ತಿ. ಟಕ್ ಅಂತ ಕೂತ ಮೇಲೆ ನಟ್ಟನ್ನು ಸ್ಪಿಂಡಲ್‌ಗೆ ಹಾಕಬೇಕು. ಕಾಲೆಟ್ಟನ್ನು ಸುಮ್ಮನೆ ಸ್ಪಿಂಡಲ್‌ಗೆ ತುರುಕಿ ಮೇಲಿಂದ ನಟ್ ತಿರುಗಿಸಿದರೆ ಬಿಟ್ ನೆಟ್ಟಗೆ ನಿಲ್ಲುವುದಿಲ್ಲ, ಅಂಚು ಒರಟಾಗುತ್ತದೆ, ಕಾಲೆಟ್ ಅಲ್ಲೇ ಕಚ್ಚಿಕೊಳ್ಳುತ್ತದೆ.

6 ಮಿ.ಮೀ., ಎರಡು ಫ್ಲೂಟ್ (ಹಲ್ಲು) ಬಿಟ್‌ಗೆ 18,000 ಆರ್‌ಪಿಎಂ, ಹಲ್ಲಿಗೆ 0.05 ಮಿ.ಮೀ. ಎಂದರೆ ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 1800 ಮಿ.ಮೀ. ಒಂದು ಸಲಕ್ಕೆ 3 ಮಿ.ಮೀ. ಆಳ ಇಳಿಸಿ. ಬೀಳುವ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ನೋಡಿ: ಚೂರುಚೂರಾಗಿ ಬಂದರೆ ಸರಿ, ಹಿಟ್ಟಿನಂತೆ ನುಣ್ಣಗಿದ್ದು ಮರ ಕಪ್ಪಾಗುತ್ತಿದ್ದರೆ ಬಿಟ್ ಕೊಯ್ಯದೆ ಉಜ್ಜುತ್ತಿದೆ, ಫೀಡ್ ಏರಿಸಿ ಅಥವಾ ಆರ್‌ಪಿಎಂ ಇಳಿಸಿ. ಆದರೂ ಸುಟ್ಟರೆ ಬಿಟ್ ಮೊಂಡಾಗಿದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮಾತ್ರ ಯಾವಾಗಲೂ ಹಿಟ್ಟೇ. ಅದಕ್ಕೆ ಧೂಳು ಎಳೆಯುವ ಯಂತ್ರ, ಮಾಸ್ಕ್ ಇಲ್ಲದೆ ಕೂರಬೇಡಿ.

ಹತ್ತು ಜನ ಬಳಸುವ ಯಂತ್ರದಲ್ಲಿ ಹಿಂದಿನವರು ಇಟ್ಟ ಸೊನ್ನೆಯನ್ನು (ಅಳತೆ ಶುರುವಾಗುವ ಜಾಗ) ಯಾವತ್ತೂ ನಂಬಬಾರದು. ಅವರ ಹಲಗೆ 12 ಮಿ.ಮೀ., ನಿಮ್ಮದು 18 ಆಗಿದ್ದರೆ ಬಿಟ್ ನೇರ ಮರಕ್ಕೆ ಗುದ್ದುತ್ತದೆ. ಪ್ರತಿ ಸಲ ಹೋಮಿಂಗ್ ಮಾಡಿ (ಯಂತ್ರವನ್ನು ಅದರ ಮೂಲ ಜಾಗಕ್ಕೆ ಕಳಿಸಿ), ಸ್ಪಿಂಡಲ್ ನಿಲ್ಲಿಸಿ, ಹಲಗೆಯ ಮೇಲೆ ಕಾಗದದ ತುಂಡಿಟ್ಟು ಅದು ಎಳೆದರೆ ಬಿಗಿ ಅನ್ನಿಸುವ ತನಕ ಬಿಟ್ ಇಳಿಸಿ, ಅಲ್ಲಿಂದ ಕಾಗದದ ದಪ್ಪ 0.1 ಮಿ.ಮೀ. ಕಳೆದು ಸೊನ್ನೆ ಇಡಿ. ಆಮೇಲೆ ಬಿಟ್ಟನ್ನು 20 ಮಿ.ಮೀ. ಎತ್ತರದಲ್ಲಿಟ್ಟು ಇಡೀ ದಾರಿ ಒಮ್ಮೆ ಗಾಳಿಯಲ್ಲೇ ಓಡಿಸಿ. ಕ್ಲ್ಯಾಂಪ್‌ಗೆ ಬಡಿಯುವುದಿದ್ದರೆ ಆಗಲೇ ಕಾಣುತ್ತದೆ.

ನಡುವೆ ಕರೆಂಟ್ ಹೋದರೆ ಕೈಯಿಂದ ಏನನ್ನೂ ದೂಡಬೇಡಿ. ಬಂದ ಮೇಲೆ ಸ್ಪಿಂಡಲ್ ಚಾಲೂ ಆಗದಂತೆ ನೋಡಿಕೊಂಡು, ಝಡ್ ಮೇಲೆತ್ತಿ, ಹೋಮಿಂಗ್ ಮಾಡಿ, ಪ್ರೋಗ್ರಾಮ್‌ನಲ್ಲಿ ನಿಂತ ಸಾಲಿಗಿಂತ ಸ್ವಲ್ಪ ಹಿಂದಿನಿಂದ ಶುರು ಮಾಡಿ. ಇದಕ್ಕಾಗಿಯೇ ಸೊನ್ನೆಯ ಜಾಗ, ಬಿಟ್, ಹಲಗೆಯ ದಪ್ಪ ಮೂರನ್ನೂ ಯಂತ್ರದ ಪಕ್ಕದ ಪುಸ್ತಕದಲ್ಲಿ ಮೊದಲೇ ಬರೆದಿಡಬೇಕು.