ಕರ್ನಲ್ ಹಿಂದಕ್ಕೆ ತಂದೆ, ಪರದೆ ಬಂತು

ಹುಬ್ಬಳ್ಳಿ ದುರ್ಗದಬೈಲ್ ಕಡೆಯ ಡಿಟಿಪಿ ಅಂಗಡಿ. ಯಂತ್ರದಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ (ಅಡ್ಡಹೆಸರು ಬುಕ್‌ವರ್ಮ್), ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್. ಅಪ್‌ಗ್ರೇಡ್ ಆದ ಮೇಲೆ ಪರದೆ ಕಪ್ಪು, ಮದುವೆ ಕಾರ್ಡಿನ ಕೆಲಸ ಅಲ್ಲಿಗೇ ನಿಂತಿತ್ತು.

ಹಿಂದೊಮ್ಮೆ ಬ್ಯಾಕ್‌ಪೋರ್ಟ್ಸ್‌ನಿಂದ (ಹೊಸ ಆವೃತ್ತಿಗಳು ಸಿಗುವ ಡೆಬಿಯನ್‌ನ ಪ್ರತ್ಯೇಕ ಭಂಡಾರ) ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಹಾಕಿದ್ದರು. ಬ್ಯಾಕ್‌ಪೋರ್ಟ್ಸ್‌ನ ಆದ್ಯತೆ ಕಡಿಮೆ, 100. ಕೇಳದೆ ತಾನಾಗಿ ಬರುವುದಿಲ್ಲ ನಿಜ. ಆದರೆ ಒಮ್ಮೆ ಹಾಕಿದ ಪ್ಯಾಕೇಜ್ ಆಮೇಲೆ ಪ್ರತಿ ಅಪ್‌ಗ್ರೇಡ್‌ನಲ್ಲೂ ಅಲ್ಲಿಂದಲೇ ಹೊಸದಾಗುತ್ತ ಹೋಗುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ. ಕರ್ನಲ್ ಮುಂದೆ ಹೋಯಿತು, ಕಾರ್ಡಿನ ಡ್ರೈವರ್ ಬುಕ್‌ವರ್ಮ್‌ನದ್ದೇ ಉಳಿಯಿತು. ಪ್ರತಿ ಕರ್ನಲ್‌ಗೂ ಡ್ರೈವರ್ ಮಾಡ್ಯೂಲ್ ಕಟ್ಟಿಕೊಡುವ ಡಿಕೆಎಂಎಸ್‌ಗೆ ಈ ಸಲ ಅದನ್ನು ಕಟ್ಟಲಾಗಲಿಲ್ಲ. ಕಟ್ಟುವಾಗಿನ ದಾಖಲೆಯಾದ ಮೇಕ್ ಲಾಗ್‌ನಲ್ಲಿ ಮೊದಲ 'ಎರರ್' ಸಾಲು ನೋಡಿ, ಕೊನೆಯದ್ದಲ್ಲ.

ಯಂತ್ರ ಆನ್ ಆಗುವಾಗ ಎಸ್ಕೇಪ್ ಒತ್ತಿ ಗ್ರಬ್ (ಬೂಟ್ ಮೆನು) ತೆರೆದು, ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಬುಕ್‌ವರ್ಮ್‌ನ ಹಳೆಯ 6.1 ಕರ್ನಲ್ ಆರಿಸಿದೆ. ಪರದೆ ಬಂತು. ಹೊಸ ಕರ್ನಲ್ ಅಳಿಸುವ ಮೊದಲು ಲಿನಕ್ಸ್-ಇಮೇಜ್ (ಕರ್ನಲ್) ಮತ್ತು ಲಿನಕ್ಸ್-ಹೆಡರ್ಸ್ (ಮಾಡ್ಯೂಲ್ ಕಟ್ಟಲು ಬೇಕಾದ ಫೈಲ್‌ಗಳು) ಮೆಟಾಪ್ಯಾಕೇಜ್, ಅಂದರೆ ತಕ್ಕ ಆವೃತ್ತಿಯನ್ನು ಎಳೆದು ತರುವ ಪ್ಯಾಕೇಜ್, ಎರಡನ್ನೂ 'ಅಲೋ-ಡೌನ್‌ಗ್ರೇಡ್ಸ್' ಕೊಟ್ಟು ಬುಕ್‌ವರ್ಮ್‌ನದ್ದಕ್ಕೆ ಇಳಿಸಬೇಕು. ಹೆಡರ್ಸ್ ಮರೆತರೆ ಡಿಕೆಎಂಎಸ್ ಮತ್ತೆ ಕೈಕೊಡುತ್ತದೆ. ಆಮೇಲೆ ಹೊಸ ಕರ್ನಲ್ ಪರ್ಜ್ (ಪೂರ್ತಿ ಅಳಿಸುವುದು), ರೀಬೂಟ್. 'ಡಿಕೆಎಂಎಸ್ ಸ್ಟೇಟಸ್'ನಲ್ಲಿ 6.1ರ ಮುಂದೆ 'ಇನ್‌ಸ್ಟಾಲ್ಡ್' ಎಂದು ಬಂದಿರಬೇಕು.

ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಹೊಸದು ಬೇಕೇ? ಆ್ಯಪ್‌ಗಳನ್ನು ಪ್ರತ್ಯೇಕವಾಗಿ ಹಾಕುವ ಫ್ಲಾಟ್‌ಪ್ಯಾಕ್‌ನಲ್ಲಿ ಹಾಕಿ, ಅದರ ಲೈಬ್ರರಿಗಳು ಬೇರೆಯೇ ಇರುತ್ತವೆ. ಕರ್ನಲ್ ಮುಟ್ಟುವುದು ಹಳೆಯದು ಹಾರ್ಡ್‌ವೇರ್ ಗುರುತಿಸದಿದ್ದರೆ ಮಾತ್ರ, ಅದೂ ಲಗ್ನಸರಾಯಿ ಮುಗಿದ ಮೇಲೆ.