ಪೆರಿವಿಂಕಲ್ ಬಣ್ಣ ಹೊಡೆಸೋ ಮುಂಚೆ ಒಂದು ಮಳೆಗಾಲ ಕಾಯಿರಿ

2021ರಲ್ಲಿ ಕೊಡಗಿನ ಮಾಂದಲಪಟ್ಟಿ ಕಡೆ ಗುಡ್ಡದ ತುಂಬಾ ನೀಲಕುರಿಂಜಿ ಅರಳಿತ್ತಲ್ಲ, ಆ ಬಣ್ಣ ನೆನಪು ಮಾಡ್ಕೊಳ್ಳಿ, ಪೂರ್ತಿ ನೀಲಿನೂ ಅಲ್ಲ ನೇರಳೆನೂ ಅಲ್ಲ. ಆ ಥರದ ಬಣ್ಣಕ್ಕೇ ಪೆರಿವಿಂಕಲ್ ಅನ್ನೋದು, ಪೇಂಟ್ ಅಂಗಡೀಲಿ ಆ ಹೆಸರು ಹೇಳಿದ್ರೆ ಶೇಡ್ ಕಾರ್ಡ್ ತೆಗೀತಾರೆ. ನಮ್ಮ ಅಂಗಳದ ನಿತ್ಯಪುಷ್ಪಕ್ಕೂ ಇಂಗ್ಲಿಷಲ್ಲಿ ಅದೇ ಹೆಸರು, ಹೂ ಮಾತ್ರ ಗುಲಾಬಿ ಬಣ್ಣ ಇಲ್ಲಾ ಬಿಳಿ, ಅದನ್ನ ಕಿತ್ಕೊಂಡು ಹೋಗಿ ತೋರಿಸ್ಬೇಡಿ ಮತ್ತೆ! 2022ಕ್ಕೆ ಬಣ್ಣಗಳಿಗೆ ನಂಬರ್ ಕೊಡೋ ಕಂಪನಿ ಪ್ಯಾಂಟೋನ್‌ನವರು ವರ್ಷದ ಬಣ್ಣ ಅಂತ ಆರಿಸಿದ ವೆರಿ ಪೆರಿನೂ ಇದೇ ಜಾತಿದು.

ಈ ಬಣ್ಣದ ತೊಂದ್ರೆ ಏನಪ್ಪಾ ಅಂದ್ರೆ ಬೆಳಕು ಬದಲಾದಂಗೆಲ್ಲ ಅದೂ ಬದಲಾಗತ್ತೆ. ನಾನು ಮಾರ್ಚ್ ಬಿಸಿಲಲ್ಲಿ ನೋಡಿ ಮೆಚ್ಕೊಂಡು ಉತ್ತರಕ್ಕೆ ಕಿಟಕಿ ಇರೋ ರೂಮಿನ ನಾಲ್ಕೂ ಗೋಡೆಗೆ ಹೊಡೆಸಿದ್ದೆ, ಜುಲೈ ಬಂತು, ಮೋಡ ಮುಚ್ಕೊಂಡ್ತು, ಗೋಡೆ ಬೂದಿ ಬಣ್ಣಕ್ಕೆ ತಿರುಗಿ ಫ್ರಿಡ್ಜ್ ಒಳಗೆ ಮಲಗಿದಂಗೆ ಆಗೋಯ್ತು. ಅದಕ್ಕೇ ಹೇಳೋದು, ಬಣ್ಣ ಆರಿಸೋದು ಮಳೇಲಿ, ಹೊಡೆಸೋದು ಜನವರಿ ಫೆಬ್ರವರೀಲಿ.

ಚಿಕ್ಕ ಡಬ್ಬಿ ತಂದು ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹೊಡೀರಿ, ಒಣಗಿದ ಮೇಲೆ ಗೋಡೆಗೆ ಅಂಟಿಸಿ ಬೆಳಿಗ್ಗೆ, ಸಂಜೆ ನಾಲ್ಕಕ್ಕೆ, ರಾತ್ರಿ ಲೈಟ್ ಹಾಕಿ ಮೂರು ಹೊತ್ತೂ ನೋಡಿ. 6500 ಕೆಲ್ವಿನ್ (ಬಲ್ಬಿನ ಬೆಳಕು ಎಷ್ಟು ಬಿಳಿ, ಎಷ್ಟು ಹಳದಿ ಅನ್ನೋ ಅಳತೆ) ಬಿಳಿ ಬಲ್ಬಲ್ಲಿ ಚಳಿ ಚಳಿ ನೀಲಿ, 2700ರ ಹಳದಿ ಬಲ್ಬಲ್ಲಿ ನೀಲಿ ಮಂಕಾಗಿ ನೇರಳೆ ಕಡೆ ವಾಲತ್ತೆ. ನನಗೆ 4000 ಸರಿ ಹೋಯ್ತು.

ಗೋಡೆ ವಿಷಯಕ್ಕೆ ಬಂದ್ರೆ, ಬೂಷ್ಟು ಇದ್ರೆ, ಉಪ್ಪು ಬಿಟ್ಟಿದ್ರೆ ಅದರ ಮೇಲೆ ಪೇಂಟ್ ದಯವಿಟ್ಟು ಬೇಡ, ನೀರು ಎಲ್ಲಿಂದ ಇಳೀತಿದೆ ಅಂತ ಮೊದಲು ಹೆಂಚು, ಪೈಪು ನೋಡಿಸಿ. ಪುಟ್ಟಿ, ಪ್ರೈಮರ್ ಎಲ್ಲಾ ಆಮೇಲೆ. ಹೊಸ ಸಿಮೆಂಟ್ ಗಾರೆ ಆದ್ರೆ ಕಮ್ಮಿ ಅಂದ್ರೂ 28 ದಿನ ಬಿಡಿ.

ಈಗ ಖುಷಿ ವಿಚಾರ. ಹಳೇ ಮನೆಯ ರೆಡ್ ಆಕ್ಸೈಡ್ ನೆಲ, ಬೀಟೆ ಮರದ ಮಂಚ ಇವೆರಡರ ಪಕ್ಕ ಈ ಬಣ್ಣ ಏನು ಚೆಂದ ಗೊತ್ತಾ, ನೆಲದ ಬಿಸಿ ಗೋಡೆಯ ತಂಪನ್ನ ಹಿಡಿದಿಡತ್ತೆ. ಒಂದೇ ಗೋಡೆಗೆ ಹೊಡೆಸಿ, ಮಂಚದ ತಲೆ ಕಡೆದಾದ್ರೆ ಸಾಕು, ಉಳಿದ ಮೂರಕ್ಕೂ ಸೀಲಿಂಗಿಗೂ ಹಾಲಿನ ಕೆನೆ ಥರದ ಬಿಳಿ, ಯಾಕಂದ್ರೆ ಅಪ್ಪಟ ಬಿಳಿ ಹೊಡೆಸಿದ್ರೆ ಮಳೇಲಿ ಆಸ್ಪತ್ರೆ ವಾರ್ಡೇ. ನೀಲಿ-ನೇರಳೆಗೆ ಎದುರು ಬಣ್ಣ ಹಳದಿ, ಹಾಗಾಗಿ ಅಟ್ಟದ ಮೇಲಿರೋ ಹಿತ್ತಾಳೆ ದೀಪ, ತಂಬಿಗೆ ಇಳಿಸಿ ಹುಣಸೆಹಣ್ಣಲ್ಲಿ ತಿಕ್ಕಿ ಆ ಗೋಡೆ ಮುಂದೆ ಇಟ್ಬಿಡಿ, ದುಡ್ಡು ಕೊಟ್ಟು ಶೋಪೀಸ್ ತರೋ ಕೆಲ್ಸನೇ ಇಲ್ಲ. ಗುಲಾಬಿ ಪರದೆ ಬೇಡ, ಮಗು ರೂಮ್ ಆಗೋಗತ್ತೆ.

12 ಅಡಿ ಉದ್ದ 10 ಅಡಿ ಎತ್ತರದ ಗೋಡೆ 120 ಚದರಡಿ, ಎರಡು ಕೋಟ್ ಹೊಡೆಯೋಕೆ ಒಂದು ಲೀಟರ್ ಚೂರು ಕಮ್ಮಿ ಬೀಳಬಹುದು, ಎರಡು ಲೀಟರ್ ಒಟ್ಟಿಗೇ ಕಲಸಿಸಿ. ಆಮೇಲೆ ಮತ್ತೆ ಕಲಸಿಸಿದ್ರೆ ಛಾಯೆ ಒಂಚೂರು ಬೇರೆ ಬರಬಹುದು. ಮುಚ್ಚಳದ ಮೇಲಿನ ಕೋಡ್ ಫೋಟೋ ತೆಗೆದಿಡಿ, ಮಿಕ್ಕಿದ್ದನ್ನ ಬಿಗಿಯಾಗಿ ಮುಚ್ಚಿಡಿ, ಮುಂದಿನ ಮಳೆಗಾಲ ಕಳೆದ ಮೇಲೆ ಕಿಟಕಿ ಮೂಲೆಗೆ ಟಚಪ್ ಬೇಕಾಗತ್ತೆ.