ಹಳೇ ಲಗ್ಜುರಿ ಕಾರಿಗೆ ಅಡ್ವಾನ್ಸ್ ಕೊಡುವ ಮುಂಚೆ

ಹತ್ತು ವರ್ಷದ ಜರ್ಮನ್ ಕಾರು 8 ಲಕ್ಷಕ್ಕೆ ಬಂದಿದೆ, ತಗೊಳ್ಳಲಾ ಅಂತ ಇಬ್ಬರು ಕೇಳಿದ್ದೀರಿ. ನಾನು ತಗೊಂಡು ಅನುಭವಿಸಿದವನು. 50 ಲಕ್ಷದ ಕಾರು 8ಕ್ಕೆ ಇಳಿದರೂ ಅದರ ಸ್ಪೇರ್ ರೇಟು 50 ಲಕ್ಷದ ಕಾರಿನದೇ ಅಲ್ವಾ?

ನಮ್ಮ ಬಳ್ಳಾರಿ ಬಿಸಿಲು ಗೊತ್ತಲ್ಲ. ಇಂಥ ಎಂಜಿನ್‌ಗಳಲ್ಲಿ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಪೈಪು, ಆ ದ್ರವದ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್‌ನ ಹೌಸಿಂಗ್ ಎಲ್ಲ ಹೆಚ್ಚಾಗಿ ಪ್ಲಾಸ್ಟಿಕ್ಕಿನವು, ವರ್ಷಗಟ್ಟಲೆ ಕಾದು ಕಾದು ಹಪ್ಪಳದ ಹಾಗೆ ಒಡೆಯುತ್ತವೆ. ನನ್ನದು ತೋರಣಗಲ್ಲು ಹತ್ತಿರ ಮಧ್ಯಾಹ್ನ ಎರಡು ಗಂಟೆಗೆ ಹೊಗೆ ಬಿಟ್ಟು ನಿಂತಿತು. ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಕೈಮುಗಿದ, ಕಾರು ಬೆಂಗಳೂರಿಗೆ 300 ಕಿಲೋಮೀಟರ್ ಗಾಡಿ ಮೇಲೆ ಹೋಯಿತು. ಪೈಪು ಸಣ್ಣದು, ಬಿಲ್ಲು ದೊಡ್ಡದು!

ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ಚೀಲ) ಇದ್ದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ ಅಂತ, ಹಾಗೇ ಓಡಿಸಿದರೆ ಗಾಳಿ ತುಂಬುವ ಕಂಪ್ರೆಸರ್ ಕೂಡ ಹೋಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಮಾರುವವನು ತೊಂದರೆ ಮುಚ್ಚಲು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಸುಮ್ನೆ ವಾಪಸ್ ಬನ್ನಿ. ಕಾರಿನ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿ. ದೋಷ ಏನೂ ತೋರಿಸದೆ, ಕಾರು ತಾನೇ ಮಾಡಿಕೊಳ್ಳುವ ಸ್ವಯಂ ಪರೀಕ್ಷೆಗಳು ಮಾತ್ರ 'ಮುಗಿದಿಲ್ಲ' ಅಂತ ಬಂದರೆ, ಈಗಷ್ಟೇ ಕೋಡ್ ಅಳಿಸಿರುವ ಸಾಧ್ಯತೆ ಜಾಸ್ತಿ.

ದೆಹಲಿ ಕಾರು ಅಗ್ಗ ನಿಜ, ಅಲ್ಲಿ 10 ವರ್ಷ ದಾಟಿದ ಡೀಸೆಲ್‌ಗೆ ಓಡಾಡಲು ಬಿಡದ ಕಾಟ ವರ್ಷಗಟ್ಟಲೆ ಇತ್ತು. ಆದರೆ ಎನ್‌ಒಸಿ (ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ) ತಂದು ನಮ್ಮ ಬಳ್ಳಾರಿಯ ಕೆಎ 34 ನಂಬರ್ ಮಾಡಿಸುವಾಗ ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಬೇರೆ ಕಟ್ಟಬೇಕು, ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಇಷ್ಟಾದರೂ ಆಸೆ ಬಿಡಲ್ಲ ಅಂದರೆ 2 ಲಕ್ಷ ರಿಪೇರಿಗೆ ಅಂತಲೇ ತೆಗೆದಿಟ್ಟು ಹೋಗಿ ನೋಡಿ.